ಅಂಗಡಿಗೆ ಹೋಗುವ ಮೊದಲು ಮನೆಗೊಂದು ಸುತ್ತು ಹಾಕು

ತಂಗೀ, ಬಚ್ಚಲಲ್ಲಿ ಹಾವು ಕಂಡಿತೆಂದು ನಿನ್ನಮ್ಮ ಹೇಳಿದಳು. ಅಟ್ಟದ ಮೇಲೆ ರಾತ್ರಿಯೆಲ್ಲ ಗಡಬಡ, ಜಗುಲಿಯ ಕಂಬಕ್ಕೆ ಒರಲೆ, ಮಗುವಿನ ಕಾಲ ತುಂಬ ಸೊಳ್ಳೆ ಕಚ್ಚಿದ ಗುಳ್ಳೆ. ಇಷ್ಟೂ ಒಟ್ಟಿಗೇ ಎದುರಾದರೆ ಯಾರಿಗಾದರೂ ಧೈರ್ಯ ಕುಂದುತ್ತದೆ. ಬೆಂಗಳೂರಿನ ಮೂರನೇ ಮಹಡಿಯಲ್ಲಿ ಸಂಸಾರ ಮಾಡಿ ಬಂದ ನಿನಗಂತೂ ಮೊದಲ ಮಳೆಗಾಲ ಎದುರಿಗಿದೆ. ಅಂಕೋಲೆ ಪೇಟೆಗೆ ಹೋಗಿ ಒಂದೊಂದಕ್ಕೂ ಒಂದೊಂದು ಔಷಧಿ ತಂದು ಮನೆಯ ಸುತ್ತ ಹಾಕಿಬಿಡುತ್ತೇನೆ ಎಂದೆಯಂತೆ. ಚೀಲ ಹಿಡಿದು ಹೊರಡುವ ಮೊದಲು ನನ್ನದೊಂದಿಷ್ಟು ಮಾತು ಕೇಳಿಸಿಕೊ.

ಮನೆಯೊಳಗೆ ಬರುವ ಯಾವ ಜೀವವೂ ನಮ್ಮನ್ನು ಹುಡುಕಿಕೊಂಡು ಬರುವುದಿಲ್ಲ. ಕೂಳು, ನೀರು, ಒಣಗಿದ ಅಡಗುತಾಣ, ಈ ಮೂರರಲ್ಲಿ ಯಾವುದೋ ಒಂದು ಅದನ್ನು ಕರೆದಿರುತ್ತದೆ. ಕರೆದದ್ದು ಯಾವುದು ಎಂದು ಮೊದಲು ಪತ್ತೆಮಾಡು, ಅದನ್ನು ತೆಗೆ. ಆಮೇಲೆ ಅದು ಬಂದ ದಾರಿ ಮುಚ್ಚು. ವಿಷದ ಮಾತು ಎಲ್ಲಕ್ಕಿಂತ ಕೊನೆಗೆ ಬರಲಿ. ಹೆಚ್ಚಿನ ಮನೆಗಳಲ್ಲಿ ಅಲ್ಲಿಯವರೆಗೆ ಹೋಗುವ ಅಗತ್ಯವೇ ಬೀಳುವುದಿಲ್ಲ.

ನೀನು ಬಂದು ನೆಲೆಸಿದ ಜಾಗ ಎಂಥದ್ದು ಎಂಬುದೂ ತಿಳಿದಿರಲಿ. ಕಾರವಾರ, ಅಂಕೋಲೆಯಲ್ಲಿ ಗುಡ್ಡ ಕಡಲಿಗೆ ತಾಗಿಯೇ ನಿಂತಿದೆ. ಬಿಣಗಾ, ಅರ್ಗಾ, ಚೆಂಡಿಯಾ, ಅಮದಳ್ಳಿ, ಅವರ್ಸಾ, ಹಾರವಾಡ, ಬೇಲೇಕೇರಿ, ಎಲ್ಲಿ ನೋಡಿದರೂ ಒಂದು ಬದಿಗೆ ಕಾಡು, ಇನ್ನೊಂದು ಬದಿಗೆ ಉಪ್ಪುನೀರು. ನಡುವಿನ ಸಣ್ಣ ಪಟ್ಟಿಯಲ್ಲೇ ಗದ್ದೆ, ತೆಂಗಿನ ತೋಟ, ಮನೆ, ಹೆದ್ದಾರಿ, ಕೊಂಕಣ ರೈಲಿನ ಹಳಿ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಬಿಲಕ್ಕೆ ನೀರು ನುಗ್ಗಿದಾಗ ಇಲಿ, ಹೆಗ್ಗಣ, ಚೇಳು, ಹಾವು ಎಲ್ಲಕ್ಕೂ ಹತ್ತಿರ ಸಿಗುವ ಒಣ ನೆಲ ನಮ್ಮ ಮನೆಯದೇ. ಆದ್ದರಿಂದ ಈ ಸೀಮೆಯಲ್ಲಿ ಮನೆಯ ಕೆಲಸವೆಲ್ಲ ಮೇ ತಿಂಗಳೊಳಗೆ ಮುಗಿಯಬೇಕು. ಜುಲೈಯಲ್ಲಿ ಗೋಡೆಯ ತೂತು ಮುಚ್ಚಲು ಹೊರಟರೆ ಸಿಮೆಂಟೂ ಹಿಡಿಯದು, ಒಳಗೆ ಸೇರಿದ್ದೂ ಹೊರಗೆ ಹೋಗದು.

ಇಲಿಯಿಂದಲೇ ಶುರುಮಾಡು. ಹಾವಿನದ್ದು ಆಮೇಲೆ ನೋಡೋಣ, ಏಕೆಂದರೆ ಹಾವು ಮನೆಗೆ ಬರುವುದು ಬಹುತೇಕ ಇಲಿಯ ಅಥವಾ ಕಪ್ಪೆಯ ಜಾಡು ಹಿಡಿದು. ಸಂಜೆ ಬಿಸಿಲು ಇಳಿದ ಮೇಲೆ ಮನೆಯ ಸುತ್ತ ನಿಧಾನಕ್ಕೆ ಒಂದು ಸುತ್ತು ಹಾಕು. ಕಣ್ಣು ನೆಲದಿಂದ ಮೊಣಕಾಲಿನ ಎತ್ತರದವರೆಗೆ ಇರಲಿ. ಬಚ್ಚಲ ನೀರು ಹಿತ್ತಲ ಬಾಳೆಬುಡಕ್ಕೆ ಹೋಗುವ ಕೊಳವೆಯ ಬಾಯಿ ತೆರೆದಿದೆಯೇ? ನಿನ್ನ ಬಚ್ಚಲಿಗೆ ಹಾವು ಬಂದದ್ದು ಆ ದಾರಿಯಲ್ಲೇ ಇರಬೇಕು. ಅದಕ್ಕೆ ಸಣ್ಣ ಕಣ್ಣಿನ ಕಬ್ಬಿಣದ ಜಾಳಿಗೆ ಬಿಗಿ. ಹಿತ್ತಲ ಬಾಗಿಲ ಕೆಳಗೆ ಬೆರಳು ತೂರುವಷ್ಟು ಸಂದಿದ್ದರೆ ಒಂದು ಪಟ್ಟಿ ಹೊಡೆಸು. ಚಿಕ್ಕ ಇಲಿಗೆ ಪೆನ್ಸಿಲ್ ತೂರುವಷ್ಟು ತೂತು ಸಾಕು, ದೊಡ್ಡದಕ್ಕೆ ಹೆಬ್ಬೆರಳು ತೂರುವಷ್ಟಾದರೆ ಧಾರಾಳ. ಮರ, ಬಟ್ಟೆ, ಪ್ಲಾಸ್ಟಿಕ್ ತುರುಕಿದರೆ ಪ್ರಯೋಜನವಿಲ್ಲ. ಇಲಿಯ ಮುಂದಿನ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ಸವೆಸುವುದಕ್ಕಾಗಿಯೇ ಅದು ಕಡಿಯುತ್ತಿರಬೇಕು. ತಂತಿಯ ಜಾಳಿಗೆ, ಚಿರೇಕಲ್ಲಿನ ಚೂರು, ಒಡೆದ ಗಾಜು ಸೇರಿಸಿ ಸಿಮೆಂಟು ಹಾಕಿಸು.

ಆದರೆ ತೂತು ಮುಚ್ಚುವ ಮೊದಲು ಒಳಗೆ ಯಾರಿದ್ದಾರೆಂದು ನೋಡಬೇಕು. ಸಂಜೆ ಬಿಲದ ಬಾಯಿಗೆ ಹಳೆಯ ಕಾಗದವನ್ನು ಉಂಡೆ ಮಾಡಿ ಸಡಿಲವಾಗಿ ತುರುಕಿಡು. ಬೆಳಿಗ್ಗೆ ಅದು ಹೊರಬಿದ್ದಿದ್ದರೆ ಬಿಲದಲ್ಲಿ ವಾಸವಿದೆ. ಎರಡು ಮೂರು ದಿನ ಹಾಗೆಯೇ ಇದ್ದರೆ ಧೈರ್ಯದಿಂದ ಮುಚ್ಚು. ಒಳಗಿರುವುದನ್ನು ಒಳಗೇ ಮುಚ್ಚಿದರೆ ಅದು ಇನ್ನೊಂದು ದಾರಿ ಕೊರೆಯುತ್ತದೆ, ಇಲ್ಲವೇ ಅಲ್ಲೇ ಸತ್ತು ವಾಸನೆ ಬೀರುತ್ತದೆ.

ಬೋನು ಇಡುವುದಕ್ಕೂ ಒಂದು ಕ್ರಮವಿದೆ. ಇಲಿ ಹೊಸ ವಸ್ತುವನ್ನು ನಂಬುವುದಿಲ್ಲ. ಇಟ್ಟ ಮೊದಲ ದಿನಗಳಲ್ಲಿ ಬೋನಿನ ಹತ್ತಿರವೂ ಸುಳಿಯದು. ಆದ್ದರಿಂದ ಬೋನನ್ನು ಹೂಡದೆ, ಬರೀ ತಿಂಡಿಯಿಟ್ಟು ಮೂರು ನಾಲ್ಕು ರಾತ್ರಿ ಬಿಡು. ತಿಂದು ರೂಢಿಯಾದ ಮೇಲೆ ಹೂಡು. ನಮ್ಮ ಕಡೆಯ ಇಲಿಗೆ ಸುಟ್ಟ ಒಣಮೀನಿನ ಚೂರು, ಸುಟ್ಟ ಕೊಬ್ಬರಿ ಎರಡರ ಮುಂದೆ ಬೇರೆ ಯಾವುದೂ ನಿಲ್ಲುವುದಿಲ್ಲ. ಇಲಿ ಬಯಲಲ್ಲಿ ಓಡದೆ ಗೋಡೆಗೆ ಮೈಯುಜ್ಜಿಕೊಂಡೇ ಓಡುತ್ತದೆ. ಅದಕ್ಕಾಗಿ ಬೋನು ಕೋಣೆಯ ನಡುವೆ ಬೇಡ, ಗೋಡೆಗೆ ತಾಗಿ ಇರಲಿ. ಒಂದು ಹೆಣ್ಣಿಲಿ ಗಬ್ಬವಾದ ಮೂರೇ ವಾರದಲ್ಲಿ ಆರೇಳು ಮರಿ ಹಾಕುತ್ತದೆ, ಆ ಮರಿಗಳು ಎರಡು ಮೂರು ತಿಂಗಳಲ್ಲಿ ತಾವೇ ಮರಿ ಹಾಕಲು ಸಿದ್ಧ. ತಿನ್ನಲು ಸಿಗುವುದನ್ನು ನಿಲ್ಲಿಸದೆ ಬರೀ ಬೋನಿಟ್ಟರೆ ಈ ಲೆಕ್ಕದಲ್ಲಿ ನಾವು ಎಂದೂ ಗೆಲ್ಲುವುದಿಲ್ಲ.

ತಿನ್ನಲು ಸಿಗುವುದು ಎಂದೆನಲ್ಲ, ನಮ್ಮ ಊರಿನಲ್ಲಿ ಅದರ ದೊಡ್ಡ ಪಾಲು ಮೀನಿನದು. ಹಿತ್ತಲಲ್ಲಿ ಕುಳಿತು ಬಂಗಡೆ ಕೊಯ್ದು ತಲೆ, ಕರುಳನ್ನು ಬೇಲಿಯಾಚೆ ಎಸೆಯುವುದು ಅನೇಕ ಮನೆಗಳ ರೂಢಿ. ಅದಕ್ಕೆ ಮೊದಲು ಕಾಗೆ, ಆಮೇಲೆ ನಾಯಿ, ಕತ್ತಲಾದ ಮೇಲೆ ಹೆಗ್ಗಣ, ಮರುದಿನ ನೊಣ. ಬೇಸಿಗೆಯ ಶಾಖದಲ್ಲಿ ನೊಣದ ಮೊಟ್ಟೆ ಹುಳುವಾಗಿ, ಕೋಶವಾಗಿ, ಮತ್ತೆ ನೊಣವಾಗಿ ಹಾರಲು ಹತ್ತು ದಿನ ಸಾಕು. ನೀನು ಹಾಗೆ ಮಾಡಬೇಡ. ತೆಂಗಿನ ಬುಡದಲ್ಲಿ ಒಂದೂವರೆ ಅಡಿ ಗುಂಡಿ ತೋಡಿಸು, ಮೀನಿನ ಕಸ ಹಾಕಿ, ಒಲೆಯ ಬೂದಿ ಚೆಲ್ಲಿ, ಮಣ್ಣೆಳೆದು, ಮೇಲೊಂದು ಚಿರೇಕಲ್ಲು ಹೇರು. ಕಲ್ಲಿಲ್ಲದಿದ್ದರೆ ನಾಯಿ ಕೆದರುತ್ತದೆ. ತೆಂಗಿಗೂ ಒಳ್ಳೆಯ ಗೊಬ್ಬರ. ಒಣಮೀನನ್ನು ಬುಟ್ಟಿಯಲ್ಲಿ ನೇತುಹಾಕಿದರೆ ಸಾಲದು, ಮುಚ್ಚಳ ಬಿಗಿಯಾಗಿ ಕೂರುವ ಡಬ್ಬಿಯಲ್ಲಿಡು. ಮಳೆ ಬಿಟ್ಟ ದಿನ ತೆಗೆದು ಬಿಸಿಲು ತೋರಿಸು, ಇಲ್ಲದಿದ್ದರೆ ಹುಳ ಕೊರೆದು ಪುಡಿಯಾಗುತ್ತದೆ. ಕುಚ್ಚಲಕ್ಕಿಗೂ ಇದೇ ಮಾತು. ಏಪ್ರಿಲ್, ಮೇ ಬಿಸಿಲಿಗೆ ಒಣಗಿಸಿ, ಪೂರ್ತಿ ಆರಿದ ಮೇಲೆ ತುಂಬಿಡು.

ತೆಂಗಿನ ಮರ ಹತ್ತಿ ಎಳೆಗಾಯಿ ಕೊರೆಯುವ ಇಲಿಗೆ ಕಾಂಡದ ಸುತ್ತ ತಗಡಿನ ಪಟ್ಟಿ ಹೊಡೆಸುವುದು ಹಳೆಯ, ಒಳ್ಳೆಯ ಉಪಾಯ. ಪಟ್ಟಿ ಆಳೆತ್ತರಕ್ಕಿಂತ ಮೇಲಿರಲಿ, ಮೊಳದಷ್ಟು ಅಗಲವಿರಲಿ. ನುಣುಪು ತಗಡಿನ ಮೇಲೆ ಉಗುರು ನಿಲ್ಲದು. ಆದರೆ ಪಕ್ಕದ ಮರದ ಮಡಲು ತಾಗುತ್ತಿದ್ದರೆ ಅದು ಆ ದಾರಿಯಲ್ಲಿ ಬರುತ್ತದೆ, ಅದನ್ನೂ ಗಮನಿಸು.

ಇನ್ನು ಆ ವಿಷದ ಮಾತು. ಟೂತ್‌ಪೇಸ್ಟಿನಂಥ ಟ್ಯೂಬಿನಲ್ಲಿ ಬರುವ ಹಳದಿ ರಂಜಕದ ಇಲಿಪಾಷಾಣವನ್ನು ಮಗುವಿರುವ ಮನೆಯ ಹೊಸಿಲು ದಾಟಿಸಲೇಬೇಡ. ಅದು ಯಕೃತ್ತನ್ನು ಹಾಳುಮಾಡುತ್ತದೆ, ಅದಕ್ಕೆ ಪ್ರತಿವಿಷವೇ ಇಲ್ಲ. ಬಿಲ್ಲೆಯಾಗಿ ಸಿಗುವ ಇನ್ನೊಂದು ಬಗೆ ಇಲಿಯ ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೆಲವು ದಿನಗಳಲ್ಲಿ ಕೊಲ್ಲುತ್ತದೆ. ಆ ಕೆಲವು ದಿನ ಇಲಿ ಮಂಕಾಗಿ ಓಡಾಡುವಾಗ ಬೆಕ್ಕೋ ಗೂಬೆಯೋ ಹಿಡಿದು ತಿಂದರೆ ವಿಷ ಅದಕ್ಕೂ ಏರುತ್ತದೆ. ರಾತ್ರಿ ಕೆಲಸ ಮಾಡುವ ಗೂಬೆಯನ್ನು ಕೊಂದು ಇಲಿಯನ್ನು ಕಡಿಮೆ ಮಾಡಿದೆವೆಂದುಕೊಳ್ಳುವುದು ಎಂಥ ನಷ್ಟ! ಅಂಟುಹಲಗೆಯೂ ಬೇಡ. ಅಂಟಿಕೊಂಡ ಇಲಿ ನರಳಿ ನರಳಿ ಸಾಯುತ್ತದೆ, ಹಲ್ಲಿ, ಅರಣೆ, ಇಲಿಯನ್ನರಸಿ ಬಂದ ಹಾವು ಎಲ್ಲ ಅದಕ್ಕೇ ಅಂಟುತ್ತವೆ. ಅಂಟಿದ ನಾಗರಹಾವನ್ನು ಬಿಡಿಸುವ ಕೆಲಸ ಯಾರಿಗೂ ಬರಬಾರದು.

ಅಂದ ಹಾಗೆ, ಚೂಪು ಮೂತಿಯ, ಚಿಕ್ ಚಿಕ್ ಎನ್ನುತ್ತ ಗೋಡೆಯಂಚಿಗೆ ಓಡುವ, ಕೆಟ್ಟ ವಾಸನೆಯ ಮೂಗಿಲಿಯನ್ನು ಇಲಿಯೆಂದು ಹೊಡೆಯಬೇಡ. ಅದು ಇಲಿಯ ಜಾತಿಯೇ ಅಲ್ಲ. ಜಿರಳೆ, ಹುಳುಹುಪ್ಪಟೆ ಅದರ ಊಟ. ಜಿರಳೆಗೆ ಅಂಗಡಿಯ ಸ್ಪ್ರೇಗಿಂತ ಅದೇ ಮೇಲು.

ವಿಷದ ವಿಷಯದಲ್ಲಿ ನಾನು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ನಮ್ಮ ನೆಲವೇ ಕಾರಣ. ಚಿರೇಕಲ್ಲು ಮೇಲಿಂದ ಗಟ್ಟಿ ಕಂಡರೂ ಒಳಗೆಲ್ಲ ತೂತು. ಅಂಗಳದಲ್ಲಿ ಸುರಿದದ್ದು ಒಂದೆರಡು ಮಳೆಗೆ ಇಳಿದು ಬಾವಿ ಸೇರುತ್ತದೆ. ನಮ್ಮ ಬಾವಿಗಳೋ ಮನೆಗೆ ಕೂಗಳತೆಯಲ್ಲಿ ಕೂಡ ಅಲ್ಲ, ಕೈಯಳತೆಯಲ್ಲಿವೆ. ಕಾಸರಗೋಡಿನ ಗೇರು ತೋಟಗಳ ಮೇಲೆ ಚಹಾ ಸೊಳ್ಳೆ ಎಂಬ ಒಂದು ಕೀಟದ ಸಲುವಾಗಿ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಸುಪ್ರೀಂ ಕೋರ್ಟ್ ಆ ಮದ್ದನ್ನೇ ತಡೆದದ್ದು 2011ರಲ್ಲಿ. ಅದರ ಸಂತ್ರಸ್ತರೆಂದು ಸರ್ಕಾರವೇ ಗುರುತಿಸಿದ ಜನ ನಮ್ಮ ಉತ್ತರ ಕನ್ನಡದಲ್ಲೂ ಇದ್ದಾರೆ. ನಿನ್ನ ಒಂದು ಬಾಟಲಿ ಅಷ್ಟು ದೊಡ್ಡದಲ್ಲ, ನಿಜ. ಆದರೆ ನೀನು ಕುಡಿಯುವ ಬಾವಿಯೂ ಒಂದೇ, ಮಗು ಕುಡಿಯುವುದೂ ಅದನ್ನೇ.

ಈಗ ಹಾವು. ಕಾರ್ಬಾಲಿಕ್ ಆಸಿಡ್, ಫಿನಾಯಿಲ್, ಬೆಳ್ಳುಳ್ಳಿ ನೀರು, ಸೀಮೆಎಣ್ಣೆ, ಇವುಗಳಲ್ಲಿ ಯಾವುದರಿಂದಲೂ ಹಾವು ದೂರ ಉಳಿಯುತ್ತದೆಂದು ನಂಬಿ ಕೂರಬೇಡ. ಆಸಿಡ್ಡಿನಿಂದ ಸುಡುವುದು ಅಂಗಳದಲ್ಲಿ ಆಡುವ ಮಗುವಿನ ಕೈ. ಹಾವನ್ನು ದೂರವಿಡುವುದು ಮೂರು ಕೆಲಸ: ಇಲಿಯನ್ನು ಇಲ್ಲವಾಗಿಸುವುದು, ಅಡಗಲು ಜಾಗ ಕೊಡದಿರುವುದು, ಬೆಳಕು ಹಿಡಿದು ನಡೆಯುವುದು. ಕಟ್ಟಿಗೆಯ ರಾಶಿ, ಹಳೆಯ ಹಂಚಿನ ಅಟ್ಟಿ, ತೆಂಗಿನ ಸಿಪ್ಪೆ, ಒಣಗಿದ ಎಲೆಯ ದರಕಿನ ಗುಡ್ಡೆ ಇವೆಲ್ಲ ಗೋಡೆಗೆ ಒರಗಿರಬಾರದು. ಕಟ್ಟಿಗೆಯನ್ನು ಮನೆಯಿಂದ ದೂರ, ನೆಲದಿಂದ ಒಂದಡಿ ಎತ್ತರದ ಕಲ್ಲಿನ ಮೇಲೆ ಪೇರಿಸು. ಮಳೆಯ ಇರಚಲಿಗೆ ಗೋಡೆಗೆ ಮಡಲಿನ ತಟ್ಟಿ ಕಟ್ಟುತ್ತೇವಲ್ಲ, ಅದರ ಬುಡ ನೆಲಕ್ಕೆ ತಾಗದಂತೆ ಗೇಣುದ್ದ ಬಿಟ್ಟು ಕಟ್ಟಿಸು. ತಟ್ಟಿಯ ಹಿಂದಿನ ಬೆಚ್ಚಗಿನ ಕತ್ತಲೆ ಚೇಳಿಗೂ ಹಾವಿಗೂ ಬಹಳ ಇಷ್ಟ.

ಉದ್ದಕ್ಕೆ, ಸರಸರ ಓಡುವ ಕೇರೆಹಾವು ಕಂಡರೆ ಅದರ ಪಾಡಿಗೆ ಬಿಡು. ಅದಕ್ಕೆ ವಿಷವಿಲ್ಲ, ಗದ್ದೆಯ ಇಲಿಯನ್ನು ಬಿಲದೊಳಗೇ ಹೊಕ್ಕು ತಿನ್ನುವುದು ಅದೇ. ನಾಗರಹಾವಿಗೆ ಕೈಮುಗಿದು, ನಾಗರಪಂಚಮಿಗೆ ಹಾಲೆರೆದು, ಕೇರೆಯನ್ನು ಕೋಲಿನಿಂದ ಬಡಿದು ಹಾಕುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರವೂ ಹಾವನ್ನು ಕೊಲ್ಲುವುದು ಅಪರಾಧ. ಕದ್ರಾ, ಕೈಗಾ, ಹಿಲ್ಲೂರು, ಅಚವೆ ಕಡೆಯ ಕಾಡಂಚಿನ ಮನೆಗಳಿಗೆ ಕಾಳಿಂಗವೂ ಬರುತ್ತದೆ. ಅದರ ಊಟ ಬೇರೆ ಹಾವು, ಮುಖ್ಯವಾಗಿ ಕೇರೆ. ತರಗೆಲೆ ಒಟ್ಟಿ ಗೂಡು ಕಟ್ಟಿ ಮೊಟ್ಟೆ ಕಾಯುವ ಹಾವು ಅದೊಂದೇ. ಮಳೆಗೆ ಮುಂಚಿನ ತಿಂಗಳುಗಳಲ್ಲಿ ಕಾಡಿನಂಚಿಗೆ ದರಕಿನ ಗುಡ್ಡೆ ಕಂಡರೆ ಕೋಲು ಹಾಕಿ ಕೆದಕಬೇಡ. ಯಾವ ಹಾವೇ ಆಗಲಿ ಮನೆಯೊಳಗೆ ಬಂದರೆ ಮಗುವನ್ನು ಹೊರಗೆ ಕರೆದುಕೊಂಡು ಹೋಗು, ಒಬ್ಬರು ದೂರದಿಂದ ಅದರ ಮೇಲೆ ಕಣ್ಣಿಟ್ಟಿರಲಿ, ವಲಯ ಅರಣ್ಯ ಕಚೇರಿಗೆ ಫೋನು ಮಾಡು. ಆ ನಂಬರನ್ನು ಈಗಲೇ ಕೇಳಿ ಬಾಗಿಲ ಹಿಂದೆ ಬರೆದಿಡು.

ಕರಾವಳಿಯ ಇನ್ನೊಂದು ಸಂಗತಿ. ಹರಿದ ಮೀನಿನ ಬಲೆಯನ್ನು ತರಕಾರಿ ಮಡಿಗೆ ಬೇಲಿಯಾಗಿ ಕಟ್ಟುತ್ತಾರೆ, ಕೋಳಿ ನುಗ್ಗದಿರಲೆಂದು. ಇಲಿ, ಕಪ್ಪೆಯ ಬೆನ್ನು ಹತ್ತಿದ ಹಾವು ಅದರ ಕಣ್ಣಿಗೆ ತಲೆ ತೂರಿಸಿ ಸಿಕ್ಕಿಬೀಳುತ್ತದೆ. ಹಿಂದಕ್ಕೆ ಎಳೆದುಕೊಂಡಷ್ಟೂ ನೂಲು ಚರ್ಮದೊಳಗೆ ಇಳಿಯುತ್ತದೆ. ಬೆಳಿಗ್ಗೆ ಬದನೆ ಕೊಯ್ಯಲು ಹೋದವರ ಕೈ ನೇರ ಅದರ ಬಾಯಿಗೆ. ಬಲೆ ಕಟ್ಟಲೇಬೇಕಿದ್ದರೆ ಕೆಳಗಿನ ಒಂದಡಿಗೆ ಅಡಿಕೆ ದಬ್ಬೆಯೋ ಮಡಲೋ ಹಾಕಿ, ಬಲೆಯನ್ನು ಅದರ ಮೇಲಿನಿಂದ ಶುರುಮಾಡು.

ಎಲ್ಲಕ್ಕಿಂತ ನಾನು ಹೆದರುವುದು ಕಟ್ಟುಹಾವಿಗೆ. ಅದು ರಾತ್ರಿ ಓಡಾಡುವ ಹಾವು, ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ. ನೋವಿಲ್ಲ, ಊತವಿಲ್ಲ, ಎಷ್ಟೋ ಸಲ ಹಲ್ಲಿನ ಗುರುತೂ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಎತ್ತಲಾಗದಿರುವುದು, ಮಾತು ತೊದಲುವುದು ಕಂಡಾಗ ಗ್ಯಾಸ್ ಎಂದು ಕಷಾಯ ಕುಡಿಸಿ ಹೊತ್ತು ಕಳೆಯುತ್ತಾರೆ. ಮಳೆಗಾಲದಲ್ಲಿ ಮಂಚದ ಮೇಲೆ ಮಲಗು, ಸೊಳ್ಳೆಪರದೆ ಕಟ್ಟಿ ಅದರ ಅಂಚನ್ನು ಹಾಸಿಗೆಯ ಕೆಳಗೆ ಸುತ್ತಲೂ ತುರುಕು. ಸೊಳ್ಳೆಪರದೆಯೊಳಗೆ ಮಲಗಿದವರಿಗೆ ಹಾವು ಕಚ್ಚುವುದು ಕಡಿಮೆ ಎಂದು ನೇಪಾಳದ ತೆರಾಯಿ ಸೀಮೆಯಲ್ಲಿ ನಡೆದ ಅಧ್ಯಯನವೂ ಹೇಳಿದೆ. ಒಂದೇ ಪರದೆಯಿಂದ ಎರಡು ಕಾಟಕ್ಕೂ ತಡೆ.

ಒಂದು ವೇಳೆ ಕಚ್ಚಿಯೇಬಿಟ್ಟರೆ, ಬಿಗಿಯಾಗಿ ಕಟ್ಟಬೇಡ, ಕೊಯ್ಯಬೇಡ, ಬಾಯಿಂದ ಹೀರಬೇಡ, ಮದ್ದು ಹಾಕುವವರ ಮನೆಗೆ ಹೋಗಬೇಡ. ಕಾಲುಂಗುರ, ಬಳೆ, ಉಂಗುರ ತೆಗೆ. ಕಚ್ಚಿದ ಕೈಯನ್ನೋ ಕಾಲನ್ನೋ ಮೂಳೆ ಮುರಿದವರಿಗೆ ಕಟ್ಟುವ ಹಾಗೆ ದಬ್ಬೆಯಿಟ್ಟು ಅಲುಗದಂತೆ ಮಾಡಿ, ನಡೆಸದೆ ಕರೆದೊಯ್ಯಿ. 108ಕ್ಕೆ ಕರೆ ಮಾಡು, ತಡವಾಗುವಂತಿದ್ದರೆ ಸಿಕ್ಕ ವಾಹನ ಹತ್ತಿಸು. ಅಂಕೋಲೆಯ ತಾಲೂಕು ಆಸ್ಪತ್ರೆ, ಕಾರವಾರದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ, ಎರಡರಲ್ಲಿ ನಿನಗೆ ಹತ್ತಿರದ್ದು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕರ ವಿಷಕ್ಕೂ ಪ್ರತಿವಿಷ ಒಂದೇ, ಆದ್ದರಿಂದ ಹಾವನ್ನು ಹಿಡಿದು ತರುವ ಸಾಹಸ ಬೇಡ. ಅಲ್ಲಿ ವೈದ್ಯರು ರಕ್ತವನ್ನು ಗಾಜಿನ ಕೊಳವೆಯಲ್ಲಿಟ್ಟು 20 ನಿಮಿಷ ಕಾಯುತ್ತಾರೆ. ಹೆಪ್ಪುಗಟ್ಟದಿದ್ದರೆ ಮಂಡಲದ ವಿಷ ಏರಿದೆ ಎಂದು ಅದರಿಂದ ಗೊತ್ತಾಗುತ್ತದೆ. ಸುಮ್ಮನೆ ಕೂರಿಸಿದ್ದಾರೆಂದು ಜಗಳಕ್ಕೆ ನಿಲ್ಲಬೇಡ. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು. ಇಷ್ಟು ವರ್ಷ ಲೆಕ್ಕಕ್ಕೇ ಸಿಗದೆ ಹೋದ ಸಾವುಗಳನ್ನು ನೆನೆದರೆ ಇದು ಎಂದೋ ಆಗಬೇಕಿದ್ದ ಕೆಲಸ.

ಚೇಳು ಕಚ್ಚಿದರೆ ದೊಡ್ಡವರಿಗೆ ಬಹುತೇಕ ನೋವಷ್ಟೇ. ಮಗುವಿಗೆ ಕಚ್ಚಿ, ವಾಂತಿಯಾಗಿ, ಮೈ ಬೆವರಿ, ಕೈಕಾಲು ತಣ್ಣಗಾದರೆ ಅದು ಹೃದಯಕ್ಕೆ ಏರುತ್ತಿದೆ ಎಂದೇ ತಿಳಿದು ಆಸ್ಪತ್ರೆಗೆ ಓಡು. ಕೊಂಕಣದ ಕೆಂಪು ಚೇಳು ಹಿಂದೆ ಎಷ್ಟೋ ಮಕ್ಕಳನ್ನು ಕೊಂದಿತ್ತು. ಮಹಾರಾಷ್ಟ್ರದ ಮಹಾಡದ ವೈದ್ಯ ಹಿಮ್ಮತರಾವ್ ಬಾವಸ್ಕರ್ ರಕ್ತದೊತ್ತಡಕ್ಕೆ ಕೊಡುವ ಪ್ರಾಜೋಸಿನ್ ಗುಳಿಗೆಯಿಂದ ಅಂಥವರನ್ನು ಉಳಿಸಬಹುದೆಂದು 1980ರ ದಶಕದಲ್ಲಿ ತೋರಿಸಿಕೊಟ್ಟರು. ಚಪ್ಪಲಿ, ಶಾಲೆಯ ಬೂಟು ಹಾಕುವ ಮೊದಲು ಕೊಡವುವುದನ್ನು ಮಗುವಿಗೆ ಈಗಿನಿಂದಲೇ ಕಲಿಸು.

ನೆರೆಯ ಮಾತೂ ಹೇಳಿಬಿಡುತ್ತೇನೆ. 2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈನಲ್ಲಿ ಕಾಳಿ, ಗಂಗಾವಳಿ ಎರಡೂ ಉಕ್ಕಿ ದಂಡೆಯ ಮನೆಗಳಿಗೆ ನುಗ್ಗಿದವು. ಅಂಥ ನೀರು ಇಳಿದ ಮೇಲೆ ಮನೆಗೆ ಮರಳುವಾಗ ಮೊದಲು ಕೋಲಿನಿಂದ ತಟ್ಟಿ, ಬ್ಯಾಟರಿ ಹಾಕಿ ಕಪಾಟಿನ ಮೇಲೆ, ತೊಲೆಯ ಸಂದಿಯಲ್ಲಿ, ಮಡಚಿಟ್ಟ ಹಾಸಿಗೆಯಲ್ಲಿ ನೋಡಬೇಕು. ನೀರಿಗೆ ಹೆದರಿ ಮೇಲೇರಿದ್ದು ಅಲ್ಲೇ ಕುಳಿತಿರುತ್ತದೆ. ಬರಿಗಾಲಲ್ಲಿ ಕೆಸರು ಬಳಿಯಬೇಡ. ಇಲಿಯ ಮೂತ್ರ ಬೆರೆತ ನೀರು ಕಾಲಿನ ಸಣ್ಣ ಗಾಯದಿಂದ ಒಳಸೇರಿದರೆ ಇಲಿಜ್ವರ. ಜ್ವರದ ಜತೆ ಮೀನಖಂಡ ಹಿಂಡಿದಂತೆ ನೋವು, ಕಣ್ಣು ಕೆಂಪಾದರೆ ಕೆಸರುನೀರಿಗೆ ಇಳಿದಿದ್ದೆನೆಂದು ವೈದ್ಯರಿಗೆ ನೀನಾಗಿಯೇ ಹೇಳು. ಬೇಗ ಹಿಡಿದರೆ ಸುಲಭದಲ್ಲಿ ಗುಣವಾಗುವ ಕಾಯಿಲೆ.

ಒರಲೆಗೆ ಬಾ. ಅದು ಬೆಳಕಿಗೂ ಗಾಳಿಗೂ ಹೆದರುವ ಜೀವ. ಮಣ್ಣಿನ ಸುರಂಗ ಕಟ್ಟಿಕೊಂಡೇ ನೆಲದಿಂದ ಮರಕ್ಕೆ ಏರುತ್ತದೆ. ಜಗುಲಿಯ ಕಂಬದ ಮೇಲಿನ ಆ ಮಣ್ಣಿನ ಗೆರೆಯನ್ನು ಒಂದು ಕಡೆ ಕೆರೆದು ನೋಡು. ಎರಡು ದಿನದಲ್ಲಿ ಮತ್ತೆ ಕಟ್ಟಿದ್ದರೆ ಸಂಚಾರವಿದೆ. ಅದು ನೆಲದ ಯಾವ ಬಿರುಕಿನಿಂದ ಹೊರಟಿದೆ ಎಂದು ಹುಡುಕು, ಅಲ್ಲಿ ತೇವ ಎಲ್ಲಿಂದ ಬರುತ್ತಿದೆ ಎಂದು ನೋಡು. ನೂರರಲ್ಲಿ ತೊಂಬತ್ತು ಕಡೆ ಒಂದು ಒಡೆದ ಹಂಚೋ, ಸೋರುವ ನಲ್ಲಿಯೋ, ಗೋಡೆಗೆ ಸುರಿಯುವ ಮಾಡಿನ ನೀರೋ ಇರುತ್ತದೆ. ತೇವ ನಿಲ್ಲಿಸು, ಕಂಬದ ಬುಡ ಮಣ್ಣಿಗೆ ತಾಗದಂತೆ ಕಲ್ಲಿನ ಮೇಲೆ ಕೂರಿಸು. ದೋಣಿಗೆ ಬಳಿಯುವ ಗೇರುಸಿಪ್ಪೆಯ ಎಣ್ಣೆಯನ್ನು ತೊಲೆ, ಕಂಬದ ಬುಡಕ್ಕೂ ಬಳಿಯಬಹುದು. ಕೈಗೆ ತಾಗಿದರೆ ಸುಟ್ಟ ಗಾಯವಾಗುತ್ತದೆ, ಅಭ್ಯಾಸವಿದ್ದವರಿಂದಲೇ ಮಾಡಿಸು. ಅಷ್ಟಕ್ಕೂ ನಿಲ್ಲದಿದ್ದರೆ ಪರವಾನಗಿ ಇರುವವರನ್ನು ಕರೆಸಿ, ಬಾವಿ ಎಲ್ಲಿದೆ ಎಂದು ಮೊದಲೇ ತೋರಿಸಿ, ಆ ಬದಿಗೆ ಮದ್ದು ಇಳಿಸದಂತೆ ನಿಂತು ನೋಡಿಕೊ.

ಸೊಳ್ಳೆಯ ವಿಷಯ ಸಣ್ಣದು, ಆದರೆ ಬಿಡದೆ ಮಾಡಬೇಕಾದದ್ದು. ಡೆಂಗಿಯ ಸೊಳ್ಳೆ ಹಗಲು ಕಚ್ಚುತ್ತದೆ, ಮನೆಯೊಳಗಿನ ಶುದ್ಧ ನೀರಿನಲ್ಲೇ ಹುಟ್ಟುತ್ತದೆ. ಬೇಸಿಗೆಯಲ್ಲಿ ಬಾವಿನೀರು ಉಪ್ಪಾಗಿ ನೀವೆಲ್ಲ ಡ್ರಮ್ಮಿನಲ್ಲಿ ತುಂಬಿಡುತ್ತೀರಲ್ಲ, ಅದೇ ಅದರ ತವರು. ಮೊಟ್ಟೆ ಸೊಳ್ಳೆಯಾಗಲು ಎಂಟು ಹತ್ತು ದಿನ ಬೇಕು, ಹಾಗಾಗಿ ವಾರಕ್ಕೊಮ್ಮೆ ಬರಿದು ಮಾಡು. ಬರಿದು ಮಾಡಿದರಷ್ಟೇ ಸಾಲದು, ತೆಂಗಿನ ನಾರಿನಿಂದ ಒಳಗೋಡೆಯನ್ನು ಉಜ್ಜು. ನೀರಿನ ಗೆರೆಗೆ ಅಂಟಿದ ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಬದುಕಿದ್ದು, ನೀರು ತಾಗಿದ ಕೂಡಲೇ ಒಡೆಯುತ್ತದೆ. ಕರಟ, ಅಡಿಕೆ ಹಾಳೆ, ಟಾರ್ಪಾಲಿನ ಮಡಿಕೆ, ದಂಡೆಯ ಮೇಲೆ ಎಳೆದಿಟ್ಟ ದೋಣಿಯ ಹೊಟ್ಟೆ, ಇವನ್ನೂ ನೋಡು. ಬಾವಿಗೆ ಗಪ್ಪಿ ಮೀನು ಬಿಡಬೇಕೆಂದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳು.

ಕೊಟ್ಟಿಗೆಗೆ ದರಕು ತರಲು ಕಾಡಿಗೆ ಹೋಗುವ ಹೆಂಗಸರ ಜತೆ ಹೋಗುವ ಆಸೆ ನಿನಗಿದೆ ಎಂದು ಗೊತ್ತು. ಡಿಸೆಂಬರ್‌ನಿಂದ ಮೇ ತನಕ ಎಚ್ಚರ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ ನಮ್ಮ ಜಿಲ್ಲೆಯ ಸಿದ್ದಾಪುರ, ಹೊನ್ನಾವರದ ಕಡೆಗೂ ಬಂದಿದೆ. 2024ರಲ್ಲಿ ಸಿದ್ದಾಪುರದವರು ಬಹಳ ಅನುಭವಿಸಿದರು. ಅದನ್ನು ಮನುಷ್ಯರಿಗೆ ದಾಟಿಸುವುದು ಉಣುಗು. ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿಕೊ, ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡು. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸು.

ಬದುಕಿದ ಮಂಗನ ಕಾಟ ಬೇರೆ. ಘಟ್ಟದ ರಸ್ತೆಯಲ್ಲಿ ಕಾರು ನಿಲ್ಲಿಸಿ ಬಾಳೆಹಣ್ಣು ಎಸೆಯುವವರು ಅದಕ್ಕೆ ಮನುಷ್ಯರ ಕೈ ನೋಡುವುದನ್ನು ಕಲಿಸಿದ್ದಾರೆ. ನೀನು ಒಂದು ತುಂಡೂ ಕೊಡಬೇಡ, ಅಡುಗೆಮನೆಯ ಕಿಟಕಿಗೆ ಜಾಳಿಗೆ ಹಾಕಿಸು, ಎದುರಾದಾಗ ಹಲ್ಲು ಕಿರಿದು ನಗಬೇಡ, ಅದು ಜಗಳಕ್ಕೆ ಕರೆದಂತೆ ತಿಳಿಯುತ್ತದೆ. ಕಚ್ಚಿದರೂ ಪರಚಿದರೂ, ನಾಯಿ ಬೆಕ್ಕಿನದಾದರೂ, 15 ನಿಮಿಷ ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆದು ಅದೇ ದಿನ ರೇಬೀಸ್ ಚುಚ್ಚುಮದ್ದಿಗೆ ಹೋಗು. ಇನ್ನು ಕಾಡುಹಂದಿಗೆಂದು ಬೇಲಿಗೆ ಮನೆಯ ಕರೆಂಟು ಕೊಡುವವರ ಮಾತಿಗೆ ಕಿವಿಗೊಡಬೇಡ. ಅದು ಅಪರಾಧ, ಅದರಲ್ಲಿ ಮನುಷ್ಯರೂ ದನಗಳೂ ಸತ್ತದ್ದುಂಟು.

ಇಶಾಡು ಮಾವು ಹಣ್ಣಾಗುವಾಗ ಬಾವಲಿಗಳು ಬಂದೇ ಬರುತ್ತವೆ. ಹಿಂದೆ ವನ್ಯಜೀವಿ ಕಾಯಿದೆಯಲ್ಲಿ ಅವನ್ನು ಇಲಿ, ಕಾಗೆಯ ಜತೆ ಉಪದ್ರವಿಗಳ ಪಟ್ಟಿಯಲ್ಲಿ ಬರೆದಿದ್ದರು, 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದುಹಾಕಿದರು. ಕೈಗೆಟುಕುವ ಕೊಂಬೆಯ ಕಾಯಿಗೆ ಕಾಗದದ ಚೀಲ ಕಟ್ಟು, ಬಲಿತದ್ದನ್ನು ಮರದಲ್ಲಿ ಬಿಡದೆ ಕೊಯ್ದು ಹುಲ್ಲಿನಲ್ಲಿ ಹಣ್ಣುಮಾಡು. ಬಾವಲಿ ಕಚ್ಚಿ ಬೀಳಿಸಿದ ಹಣ್ಣನ್ನು ಮಗುವಿಗೆ ಕೊಡಬೇಡ. 2018ರಲ್ಲಿ ಕೋಯಿಕ್ಕೋಡಿನಲ್ಲಿ ನಿಪಾ ಬಂದಾಗಿನಿಂದ ಇದು ಎಲ್ಲರೂ ಪಾಲಿಸಬೇಕಾದ ಪಥ್ಯ. ಮಾಡಿನ ಸಂದಿಯಲ್ಲಿರುವ ಪುಟ್ಟ ಕಣ್ಣುಕಪ್ಪಡಿಗಳು ಬೇರೆ, ಅವು ರಾತ್ರಿಯೆಲ್ಲ ಹುಳುಗಳನ್ನೇ ತಿನ್ನುತ್ತವೆ.

ಇನ್ನುಳಿದದ್ದು ನಿನ್ನ ಅಟ್ಟದ ಗಡಬಡ. ಸಣ್ಣ ಗಿರಗಿರ ಸದ್ದಾದರೆ ಇಲಿ. ಬೆಕ್ಕು ಜಿಗಿದಂತೆ ಭಾರದ ಸದ್ದು, ಹಂಚು ಸರಿದಿರುವುದು, ಹಣ್ಣಿನ ಬೀಜ ತುಂಬಿದ ಹಿಕ್ಕೆ ಕಂಡರೆ ಪುನುಗಿನ ಬೆಕ್ಕು. ಅದು ಮರಿ ಹಾಕಿದ್ದರೆ ಮರಿಗಳು ದೊಡ್ಡವಾಗಿ ಹೊರಬೀಳುವ ತನಕ ತಾಳಿಕೊ, ಆಮೇಲೆ ಮಾಡಿನ ಮೇಲೆ ಚಾಚಿದ ಹಲಸಿನ ಕೊಂಬೆ ಕಡಿಸು. ಕೊಂಬೆಗೂ ಮಾಡಿಗೂ ಆಳುದ್ದದ ಅಂತರವಿರಲಿ. ಹಂಚು ಕೈಯಾಡಿಸುವವರು ಮೇ ಎರಡನೇ ವಾರ ಕಳೆದರೆ ಯಾರ ಕೈಗೂ ಸಿಗುವುದಿಲ್ಲ. ಇವತ್ತೇ ಹೇಳಿಡು. ಅವರು ಮೇಲೆ ಹತ್ತಿದಾಗ ಒಡೆದ ಹಂಚು ಬದಲಿಸುವುದರ ಜತೆಗೆ ಗೋಡೆ ಮತ್ತು ಮಾಡು ಸೇರುವ ಸಂದಿಗೆ ಸುತ್ತಲೂ ತಂತಿಯ ಜಾಳಿಗೆ ಹೊಡೆಸಿಕೊ. ಜಾಳಿಗೆ ಪೆನ್ಸಿಲ್ ತೂರದಷ್ಟು ಸಣ್ಣ ಕಣ್ಣಿನದೇ ಇರಲಿ, ಅಂಗಡಿಯವರು ದೊಡ್ಡ ಕಣ್ಣಿನದು ಕೊಟ್ಟರೆ ತೆಗೆದುಕೊಳ್ಳಬೇಡ.